ಮೈದನಹಳ್ಳಿಯ ಹುಲ್ಲುಗಾವಲಿನಲ್ಲಿ ಒಂದು ಬೆಳಗು

ಸಫಾರಿ ಎಂಬುದು ಆಫ್ರಿಕಾದ ಸ್ವಾಹಿಲಿ ಭಾಷೆಯ ಮಾತು. ಪ್ರಯಾಣ ಎಂದು ಅದರ ಅರ್ಥ. ಅರಬ್ಬಿಯ 'ಸಫರ್' ಎಂಬ ಪದ ಅದರ ಮೂಲ. ಅದೇ ಸಫರ್ ಉರ್ದುವಿನ ಕೈಹಿಡಿದು ನಮ್ಮ ರಾಯದುರ್ಗದ ಬಸ್ ನಿಲ್ದಾಣದವರೆಗೂ ಬಂದಿದೆ. ಹಾಗಾಗಿ ಪದವೇನೋ ನಮಗೆ ದೂರದ್ದಲ್ಲ. ದೂರವಿರುವುದು ಅದರ ಖರ್ಚು.

ನಮ್ಮ ಬಂಧುಗಳೊಬ್ಬರು ಕೆಲಸದ ನಿಮಿತ್ತ ಕೆನ್ಯಾ ದೇಶದ ನೈರೋಬಿಯಲ್ಲಿದ್ದಾರೆ. ಆ ಮಹಾನಗರದ ಅಂಚಿಗೇ ಒಂದು ರಾಷ್ಟ್ರೀಯ ಉದ್ಯಾನವಿದೆ. 1946ರಲ್ಲಿ ಆರಂಭವಾದ ಇದು ಕೆನ್ಯಾದ ಮೊದಲ ರಾಷ್ಟ್ರೀಯ ಉದ್ಯಾನ; ವಿಸ್ತಾರ 117 ಚದರ ಕಿಲೋಮೀಟರ್. ಕಳೆದ ಬೇಸಿಗೆಯಲ್ಲಿ ಅವರು ಅಲ್ಲಿ ಅರ್ಧ ದಿನ ಸುತ್ತಾಡಿ ಫೋಟೋಗಳನ್ನು ಕಳಿಸಿದ್ದರು. ಹಿಂದೆ ಬಹುಮಹಡಿ ಕಟ್ಟಡಗಳು, ಮುಂದೆ ಜಿರಾಫೆ! ಇನ್ನೊಂದರಲ್ಲಿ ಬಂಗಾರದ ಬಣ್ಣದ ಹುಲ್ಲಿನ ಬಯಲು, ಅದರ ತುಂಬ ಹುಲ್ಲೆಗಳ ಹಿಂಡು. ನಮ್ಮ ಮಕ್ಕಳಿಗೆ ಆ ಹುಲ್ಲೆಗಳ ಫೋಟೋ ಎಷ್ಟು ಹಿಡಿಸಿತೆಂದರೆ, ದಸರಾ ರಜೆಗೆ ಎಲ್ಲಿಗೆ ಹೋಗೋಣ ಎಂಬ ಪ್ರಶ್ನೆಗೆ ಒಂದೇ ಉತ್ತರ ಬಂತು. ಆಫ್ರಿಕಾಕ್ಕೆ ಕರೆದೊಯ್ಯುವ ಶಕ್ತಿ ನಮಗಿಲ್ಲ. ಆದರೆ ಅಂಥದ್ದೇ ಬಯಲು, ಅಂಥದ್ದೇ ಹಿಂಡು ಮಡಕಶಿರದ ಮಗ್ಗುಲಲ್ಲೇ ಇದೆ ಎಂದು ನಮ್ಮಲ್ಲಿ ಒಬ್ಬರು ಹೇಳಿದರು. ಅದು ತುಮಕೂರು ಜಿಲ್ಲೆ ಮಧುಗಿರಿ ತಾಲೂಕಿನ ಮೈದನಹಳ್ಳಿ. ಸರ್ಕಾರಿ ಹೆಸರು ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಪ್ರದೇಶ.

ರಾಯದುರ್ಗದ ಎರಡು ಕುಟುಂಬ, ಮಡಕಶಿರದ ಎರಡು ಕುಟುಂಬ, ಒಟ್ಟು ಹದಿನೇಳು ಮಂದಿ ಹೊರಟೆವು. ಈ ಎರಡು ಊರುಗಳ ಸಂಬಂಧ ಗೊತ್ತಿಲ್ಲದವರಿಗೆ ಒಂದು ಮಾತು. ರಾಯದುರ್ಗ 1953ರವರೆಗೆ ಬಳ್ಳಾರಿ ಜಿಲ್ಲೆಯ ತಾಲೂಕಾಗಿತ್ತು. ಆಂಧ್ರ ರಾಜ್ಯ ಹುಟ್ಟಿದಾಗ ಆದೋನಿ, ಆಲೂರುಗಳಂತೆ ಅದೂ ಆಚೆ ಹೋಗಿ ಅನಂತಪುರ ಜಿಲ್ಲೆಗೆ ಸೇರಿತು. ಮಡಕಶಿರವೂ ಅನಂತಪುರ ಜಿಲ್ಲೆಯದೇ ಆಗಿತ್ತು. 2022ರ ಏಪ್ರಿಲ್‌ನಿಂದ ಹೊಸ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ. ಎರಡೂ ಕಡೆ ಮನೆಮಾತು ಕನ್ನಡ, ಕಚೇರಿಯ ಮಾತು ತೆಲುಗು. ಆದರೆ ಕನ್ನಡದಲ್ಲೂ ನಾವು ಒಂದೇ ಅಲ್ಲ. ರಾಯದುರ್ಗದವರು ಶೇಂಗಾ ಅನ್ನುವುದನ್ನು ಮಡಕಶಿರದವರು ಕಡಲೆಕಾಯಿ ಅನ್ನುತ್ತಾರೆ. ರಾಯದುರ್ಗದವರು ಚಿಗರಿ ಅಂದರೆ ಮಡಕಶಿರದವರು ಜಿಂಕೆ ಅನ್ನುತ್ತಾರೆ. ಮಕ್ಕಳ ನಡುವೆ ದಾರಿಯುದ್ದಕ್ಕೂ ಇದೇ ಜಗಳ.

ರಾಯದುರ್ಗದವರು ಹಿಂದಿನ ದಿನ ಕಲ್ಯಾಣದುರ್ಗ, ಪಾವಗಡದ ಮೇಲೆ ಮಡಕಶಿರಕ್ಕೆ ಬಂದು ತಂಗಿದ್ದರು. ಆಂಧ್ರ ಬಿಟ್ಟು ಕರ್ನಾಟಕ, ಮತ್ತೆ ಆಂಧ್ರ. ಮರುದಿನ ನಸುಕಿನಲ್ಲಿ ಟೆಂಪೋ ಹತ್ತಿ ಹಿಂದೂಪುರದ ದಾರಿ ಹಿಡಿದು, ಅಲ್ಲಿಂದ ಕೊಡಿಗೇನಹಳ್ಳಿ ಕಡೆ ತಿರುಗಿದಾಗ ಮತ್ತೆ ಕರ್ನಾಟಕ. ಕಟ್ಟಿಕೊಂಡು ಹೋಗಿದ್ದು ಉಗ್ಗಾಣಿ, ಚಿತ್ರಾನ್ನ, ಕುದಿಸಿ ಆರಿಸಿದ ನೀರು. ಅಲ್ಲಿ ಹೋಟೆಲು, ಅಂಗಡಿ ಏನೂ ಇರುವುದಿಲ್ಲ ಎಂಬುದನ್ನು ಹೋಗುವವರು ನೆನಪಿಡಬೇಕು. ಅರಣ್ಯ ಇಲಾಖೆಯವರಿಗೆ ಮೊದಲೇ ತಿಳಿಸಿ ಹೋಗುವುದು ಒಳ್ಳೆಯದು.

ಮೊದಲ ನೋಟಕ್ಕೆ ಮಕ್ಕಳ ಮುಖ ಚಿಕ್ಕದಾಯಿತು. ಕಾಡು ಎಲ್ಲಿ? ಜೀಪು ಎಲ್ಲಿ? ಕಣ್ಣಿಗೆ ಬಿದ್ದದ್ದು ಮೊಣಕಾಲೆತ್ತರದ ಹುಲ್ಲಿನ ಸಮತಟ್ಟಾದ ಬಯಲು, ಅಲ್ಲಲ್ಲಿ ನೀಲಗಿರಿ ತೋಪು, ಒಂದು ವೀಕ್ಷಣಾ ಗೋಪುರ. ಇಡೀ ಪ್ರದೇಶವೇ 798 ಎಕರೆ, ಅಂದರೆ ಸುಮಾರು 3.23 ಚದರ ಕಿಲೋಮೀಟರ್. ನೈರೋಬಿಯ ಉದ್ಯಾನದಲ್ಲಿ ಇಂಥವು ಮೂವತ್ತಾರು ಹಿಡಿಸುತ್ತವೆ. ಇಷ್ಟು ಸಣ್ಣ ಜಾಗವನ್ನು ರಾಷ್ಟ್ರೀಯ ಉದ್ಯಾನ, ಅಭಯಾರಣ್ಯ ಎಂದೆಲ್ಲ ಮಾಡುವುದು ಕಷ್ಟ. ವನ್ಯಜೀವಿ ಕಾಯಿದೆಗೆ 2002ರಲ್ಲಿ ಆದ ತಿದ್ದುಪಡಿ 'ಸಂರಕ್ಷಣಾ ಮೀಸಲು' ಎಂಬ ಹೊಸ ದಾರಿ ತೆರೆದಿತ್ತು. ಅದರ ಕೆಳಗೆ ಮೈದನಹಳ್ಳಿಗೆ 2007ರಲ್ಲಿ ರಕ್ಷಣೆ ಸಿಕ್ಕಿತು. ದೇವರಾಯನದುರ್ಗದಲ್ಲಿ ಹುಟ್ಟಿ ಈ ಸೀಮೆಯಲ್ಲಿ ಹರಿದು ಆಂಧ್ರದಲ್ಲಿ ಉತ್ತರ ಪಿನಾಕಿನಿಯನ್ನು ಸೇರುವ ಜಯಮಂಗಲಿ ನದಿಯ ಹೆಸರನ್ನೇ ಇದಕ್ಕೆ ಇಟ್ಟಿದ್ದಾರೆ. ನದಿಯಲ್ಲಿ ನೀರು ಕಾಣುವುದು ಮಳೆ ಕರುಣಿಸಿದ ವರ್ಷ ಮಾತ್ರ.

ಗೋಪುರ ಹತ್ತಿ ನಿಂತೆವು. ನಮ್ಮ ಬಳಿ ಇದ್ದದ್ದು ಒಂದೇ ದುರ್ಬೀನು, ಅದಕ್ಕೆ ಹದಿನೇಳು ಜೋಡಿ ಕಣ್ಣು. ಹತ್ತು ನಿಮಿಷ ಏನೂ ಇಲ್ಲ. ಬಿಸಿಲು ಹುಲ್ಲಿನ ತುದಿಗೆ ಮುಟ್ಟಿದಾಗ, ಇಷ್ಟು ಹೊತ್ತೂ ನಾವು ಮಣ್ಣಿನ ದಿಬ್ಬ ಎಂದುಕೊಂಡಿದ್ದುದು ತಲೆ ಎತ್ತಿತು. ಒಂದು, ಎರಡು, ಆಮೇಲೆ ಎಣಿಕೆ ತಪ್ಪಿತು. ಬಹುಪಾಲು ಹೆಣ್ಣುಗಳು: ಗೋಧಿ ಬಣ್ಣದ ಮೈ, ಕೋಡಿಲ್ಲ. ಅವುಗಳ ನಡುವೆ ಒಂದೇ ಒಂದು ದೊಡ್ಡ ಗಂಡು. ಬೆನ್ನು, ಕತ್ತು ಕಡುಗಪ್ಪು. ಹೊಟ್ಟೆ, ಕಣ್ಣಿನ ಸುತ್ತ, ಗಲ್ಲ ಸುಣ್ಣ ಬಳಿದಂತೆ ಬಿಳುಪು. ತಿರುಪಿನಂತೆ ಸುತ್ತಿಕೊಂಡು ಮೇಲೇರಿದ ಎರಡು ಅಡಿ ಉದ್ದದ ಕೋಡು. ಅದು ಮೂತಿಯನ್ನು ಆಕಾಶಕ್ಕೆ ಎತ್ತಿ, ಕೋಡನ್ನು ಬೆನ್ನಿಗೆ ತಾಗಿಸಿಕೊಂಡು ಹೆಣ್ಣುಗಳ ಸುತ್ತ ಬೀಗುತ್ತ ನಡೆಯುತ್ತಿತ್ತು. ಮದುವೆ ಮನೆಯಲ್ಲಿ ಹೊಸ ಕೋಟು ಹಾಕಿಕೊಂಡು ಓಡಾಡುವ ಬೀಗರ ಹಾಗೆ ಎಂದು ನಮ್ಮಲ್ಲೊಬ್ಬರು ಅಂದದ್ದಕ್ಕೆ ಎಲ್ಲರೂ ನಕ್ಕೆವು.

ಜೊತೆಗಿದ್ದ ಅರಣ್ಯ ವಾಚರ್ ಮಿತಭಾಷಿ. ಆದರೆ ಕೇಳಿದ್ದಕ್ಕೆ ಸರಿಯಾಗಿ ಹೇಳುವವರು. ಗಂಡುಮರಿ ಹುಟ್ಟುವಾಗ ಕಪ್ಪಗಿರುವುದಿಲ್ಲ, ಬೆಳೆಯುತ್ತ ಬಣ್ಣ ಗಾಢವಾಗುತ್ತ ಹೋಗುತ್ತದೆ. ಜಿಂಕೆ ಎಂದು ನಾವು ಕರೆದರೂ ಇದು ಜಿಂಕೆಯ ಜಾತಿಯಲ್ಲ, ಹುಲ್ಲೆಯ ಜಾತಿ. ಕಾಡಿನ ಚುಕ್ಕೆ ಜಿಂಕೆಯ ಕೋಡು ಕವಲೊಡೆಯುತ್ತದೆ, ಕಳಚಿ ಬಿದ್ದು ಮತ್ತೆ ಬೆಳೆಯುತ್ತದೆ. ಇದರದು ಕವಲಿಲ್ಲದ ಕೋಡು, ಬದುಕಿರುವವರೆಗೂ ಅದೇ. ಗೋಪುರದ ಕೆಳಗೆ ಒಂದು ಕಡೆ ಒಣ ಹಿಕ್ಕೆಯ ರಾಶಿ ಬಿದ್ದಿತ್ತು. ಗಂಡು ತನ್ನ ಜಾಗದ ಗಡಿಯನ್ನು ಗುರುತಿಸುವುದು ಹೀಗೇ ಅಂತೆ. ದಿನವೂ ಅದೇ ಜಾಗಕ್ಕೆ ಬಂದು ಹಾಕುತ್ತದೆ. "ನಮ್ಮಲ್ಲಿ ಸರ್ವೆ ಕಲ್ಲು, ಅವಕ್ಕೆ ಇದು" ಎಂದರು ವಾಚರ್. ಹೆಣ್ಣು ಆರು ತಿಂಗಳು ಹೊತ್ತು ಸಾಮಾನ್ಯವಾಗಿ ಒಂದೇ ಮರಿ ಹಾಕುತ್ತದೆ. ಮೊದಲ ದಿನಗಳಲ್ಲಿ ಮರಿ ಹುಲ್ಲಿನಲ್ಲಿ ಅಲ್ಲಾಡದೆ ಮಲಗಿರುತ್ತದೆ, ತಾಯಿ ದೂರದಲ್ಲಿ ಮೇಯುತ್ತಿರುತ್ತದೆ. ತಬ್ಬಲಿ ಮರಿ ಎಂದು ಮರುಕಪಟ್ಟು ಅದನ್ನು ಎತ್ತಿಕೊಂಡು ಹೋಗುವವರಿದ್ದಾರೆ. ಹಾಗೆ ಮಾಡಲೇಬಾರದು. ಅದಕ್ಕೆ ದೊಡ್ಡ ಅಪಾಯವಿರುವುದು ಊರ ನಾಯಿಗಳಿಂದ.

ಹೀಗೆ ಮಾತಾಡುತ್ತಿರುವಾಗ ಎಲ್ಲೋ ನಾಯಿ ಬೊಗಳಿತು. ಹಿಂಡು ಒಮ್ಮೆಗೇ ನಿಂತಿತು. ಮುಂದಿದ್ದ ಹೆಣ್ಣು ನಾಲ್ಕೂ ಕಾಲನ್ನು ಒಟ್ಟಿಗೆ ಎತ್ತಿ ಗಾಳಿಗೆ ನೆಗೆಯಿತು. ಅದರ ಹಿಂದಿನದು, ಅದರ ಹಿಂದಿನದು. ಯಾರೋ ನೆಲದಡಿ ಇಂದ ಒಂದೊಂದನ್ನಾಗಿ ಮೇಲಕ್ಕೆ ಚಿಮ್ಮಿಸುತ್ತಿದ್ದಾರೆ ಅನ್ನಬೇಕು. ನಾಲ್ಕೈದು ನೆಗೆತದ ಮೇಲೆ ಓಟ ಶುರುವಾಯಿತು. ಗಂಟೆಗೆ 80 ಕಿಲೋಮೀಟರ್‌ವರೆಗೆ ಓಡಬಲ್ಲ ಪ್ರಾಣಿ ಇದು. ನಮ್ಮ ಟೆಂಪೋ ಆ ದಾರಿಯಲ್ಲಿ ನಲವತ್ತು ದಾಟಿರಲಿಲ್ಲ. ಧೂಳು ಕೂತಾಗ ಬಯಲು ಖಾಲಿ. ಹುಡುಗನೊಬ್ಬ ಮೊಬೈಲು ಎತ್ತಿ ಹಿಡಿದಿದ್ದ, ಗುಂಡಿ ಒತ್ತುವುದನ್ನೇ ಮರೆತಿದ್ದ.

ನಾಯಿಯಿಂದ ತಪ್ಪಿಸಿಕೊಳ್ಳಲು ಇಷ್ಟು ವೇಗ ಯಾಕೆ ಬೇಕು? ಇದಕ್ಕೆ ಉತ್ತರ ಹಳೆಯ ಕಾಲದಲ್ಲಿದೆ. ನಮ್ಮ ದೇಶದ ಬಯಲುಗಳಲ್ಲಿ ಹಿಂದೆ ಚೀತಾ ಇತ್ತು. ಚಿರತೆಯಲ್ಲ, ಚೀತಾ. ಕನ್ನಡದಲ್ಲಿ ಅದಕ್ಕೆ ಸಿವಂಗಿ ಎಂಬ ಹೆಸರೂ ಇತ್ತು. ರಾಜರು ಅದನ್ನು ಪಳಗಿಸಿ, ಗಾಡಿಯ ಮೇಲೆ ಕೂರಿಸಿಕೊಂಡು ಹೋಗಿ ಕೃಷ್ಣಮೃಗದ ಮೇಲೆ ಬಿಡುತ್ತಿದ್ದರು. ಟಿಪ್ಪು ಸುಲ್ತಾನನ ಬಳಿಯೂ ಬೇಟೆಯ ಚೀತಾಗಳಿದ್ದವು. 1947ರಲ್ಲಿ ಮಧ್ಯ ಭಾರತದ ಕೊರಿಯಾ ಸಂಸ್ಥಾನದಲ್ಲಿ ಮೂರು ಚೀತಾಗಳು ಗುಂಡಿಗೆ ಬಿದ್ದವು. 1952ರಲ್ಲಿ ಅದು ಭಾರತದಿಂದ ಅಳಿಯಿತೆಂದು ಘೋಷಣೆಯಾಯಿತು. ಬೆನ್ನಟ್ಟುವವನು ಹೋದ, ಓಡುವ ಕಾಲು ಉಳಿಯಿತು. 2022ರ ಸೆಪ್ಟೆಂಬರ್‌ನಲ್ಲಿ ನಮೀಬಿಯಾದಿಂದ 8, 2023ರ ಫೆಬ್ರವರಿಯಲ್ಲಿ ದಕ್ಷಿಣ ಆಫ್ರಿಕಾದಿಂದ 12 ಚೀತಾಗಳನ್ನು ಮಧ್ಯಪ್ರದೇಶದ ಕುನೋ ಕಾಡಿಗೆ ವಿಮಾನದಲ್ಲಿ ತಂದದ್ದನ್ನು ಟಿ.ವಿ.ಯಲ್ಲಿ ನೋಡಿದ್ದೇವೆ. ಆಫ್ರಿಕಾದಿಂದ ಪ್ರಾಣಿ ತರುವಷ್ಟು ಉತ್ಸಾಹ ನಮಗಿದೆ. ಅದು ಓಡಾಡಬೇಕಾದ ಬಯಲನ್ನು ಉಳಿಸಿಕೊಳ್ಳುವ ಉತ್ಸಾಹ ಅಷ್ಟಾಗಿ ಕಾಣದು.

ಯಾಕೆಂದರೆ ಹುಲ್ಲುಗಾವಲು ನಮ್ಮ ಕಣ್ಣಿಗೆ ಖಾಲಿ ಜಾಗ. ಕಾಗದಪತ್ರದಲ್ಲಿ ಬಂಜರು, ಪಾಳು. ಮರವಿಲ್ಲದ್ದು ಕಾಡಲ್ಲ ಎಂಬ ನಂಬಿಕೆಯಿಂದ ಇಂಥ ಬಯಲುಗಳಿಗೆ ನೀಲಗಿರಿ ನೆಟ್ಟೆವು. ರಾಣೇಬೆನ್ನೂರಿನಲ್ಲಿ 1974ರಲ್ಲೇ ಕೃಷ್ಣಮೃಗಕ್ಕಾಗಿ 119 ಚದರ ಕಿಲೋಮೀಟರ್‌ನ ಅಭಯಾರಣ್ಯವಾಯಿತು, ನೈರೋಬಿಯ ಉದ್ಯಾನದಷ್ಟೇ ದೊಡ್ಡದು. ಆದರೆ ಅದರ ಬಹುಭಾಗ ನೀಲಗಿರಿಯೇ. ಹೊಸದಾಗಿ ನೀಲಗಿರಿ ನೆಡುವುದನ್ನು ಕರ್ನಾಟಕ ಸರ್ಕಾರ 2017ರಲ್ಲಿ ನಿಷೇಧಿಸಿತು, ಅಷ್ಟು ಹೊತ್ತಿಗೆ ಹುಲ್ಲು ಹೋದ ಜಾಗ ಹೋಗಿತ್ತು. ಇನ್ನು ಬಳ್ಳಾರಿ ಜಾಲಿಯ ಕತೆ ನಮ್ಮ ರಾಯದುರ್ಗದವರಿಗೆ ಹೇಳಬೇಕಾಗಿಲ್ಲ. ಹೆಸರಿಗೆ ಬಳ್ಳಾರಿ, ಬಂದದ್ದು ಅಮೆರಿಕ ಖಂಡದಿಂದ. ಅದರ ಸಿಹಿ ಕಾಯನ್ನು ಪ್ರಾಣಿಗಳು ತಿನ್ನುತ್ತವೆ, ಬೀಜ ಹಿಕ್ಕೆಯ ಜೊತೆ ಬಿದ್ದು ಮೊಳೆಯುತ್ತದೆ. ತನ್ನ ಬಯಲನ್ನು ಮುಚ್ಚುವ ಮುಳ್ಳನ್ನು ಕೃಷ್ಣಮೃಗ ತಾನೇ ಬಿತ್ತುತ್ತ ಹೋಗುತ್ತದೆ! ಚಳ್ಳಕೆರೆಯ ಕಡೆ ಅಮೃತ ಮಹಲ್ ದನಗಳಿಗೆಂದು ಇದ್ದ ಕಾವಲುಗಳಲ್ಲಿ ಸಾವಿರಾರು ಎಕರೆ ದೊಡ್ಡ ದೊಡ್ಡ ಸಂಸ್ಥೆಗಳ ಪಾಲಾಯಿತು. ಯಾರೂ ಇಲ್ಲದ ಜಾಗ ಎಂದೇ ಕೊಟ್ಟದ್ದು. ಕುರಿ ಮೇಯಿಸುವವರು ಯಾರೂ ಅಲ್ಲವೇನೋ.

ರಾಯದುರ್ಗದ ಅಜ್ಜಿ ಗೋಪುರ ಹತ್ತಲಿಲ್ಲ. ಕೆಳಗೆ ನೆರಳಲ್ಲಿ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. "ಚಿಗರಿ ನೋಡಾಕ ಇಷ್ಟು ದೂರ ಬರಬೇಕೇನು? ನಾವು ಸಣ್ಣವರಿದ್ದಾಗ ಎರಿ ಹೊಲದಾಗ ದನದಂಗ ಅಡ್ಡಾಡ್ತಿದ್ವು" ಎಂದರು. ಅಜ್ಜಿ ಹೇಳಿದ್ದು ಬರೀ ಹಳೆಯ ಮಾತಲ್ಲ. ಉರವಕೊಂಡ, ಗುಂತಕಲ್ಲು ಕಡೆಯ ಎರೆ ಭೂಮಿಯಲ್ಲಿ ಇಂದಿಗೂ ಚಿಗರಿಯ ಹಿಂಡುಗಳಿವೆ. ಅಲ್ಲಿ ಅವಕ್ಕೆ ಬೇಲಿಯೂ ಇಲ್ಲ, ಗೋಪುರವೂ ಇಲ್ಲ. ರೈತರ ಹೊಲವೇ ಅವುಗಳ ಉದ್ಯಾನ. ಕೃಷ್ಣಮೃಗ ಆಂಧ್ರಪ್ರದೇಶದ ರಾಜ್ಯಪ್ರಾಣಿಯೂ ಹೌದು, ತೆಲುಗಿನಲ್ಲಿ ಕೃಷ್ಣ ಜಿಂಕ. ಗಡಿಯ ಈಚೆ ಅದಕ್ಕೆ ಮೀಸಲು ಜಾಗವಿದೆ, ಆಚೆ ಪದವಿ ಇದೆ.

ಬೆಳಗಿನ ತಿಂಡಿ ಮುಗಿಸಿ ಮೀಸಲು ಪ್ರದೇಶದ ಅಂಚಿಗೆ ನಡೆದೆವು. ಬಯಲು ಮುಗಿದಲ್ಲೇ ಕಡಲೆಕಾಯಿ ಹೊಲ ಶುರು. ಕೀಳುವ ಕಾಲ ಹತ್ತಿರ ಬಂದಿತ್ತು. ಹೊಲದ ಮಧ್ಯೆ ನಾಲ್ಕು ಕಂಬದ ಮೇಲೆ ಒಂದು ಅಟ್ಟ. ಅದರ ಮೇಲೆ ಕಂಬಳಿ, ಬ್ಯಾಟರಿ, ಒಂದು ಹಳೆಯ ತಗಡಿನ ಡಬ್ಬ. ಯಜಮಾನರು ರಾತ್ರಿ ಕಾವಲಿನಿಂದ ಇಳಿದು ಬೀಡಿ ಹಚ್ಚುತ್ತಿದ್ದರು. ನಮ್ಮನ್ನು ಕಂಡು, "ಜಿಂಕೆ ನೋಡಾಕೆ ಬಂದ್ರಾ? ನೋಡಕ್ಕೆ ಚೆಂದಾಗವೆ ಸ್ವಾಮಿ, ನಾನೂ ಇಲ್ಲ ಅನ್ನಲ್ಲ" ಎಂದರು. ಮೂರು ಎಕರೆ ಇಟ್ಟಿದ್ದಾರೆ. ಗಿಡ ಎಳೆಯದಿದ್ದಾಗ ಒಂದು ಸಲ, ಹೂವಿಗೆ ಬಂದಾಗ ಇನ್ನೊಂದು ಸಲ ಹಿಂಡು ಬಂದಿತ್ತಂತೆ. ತಿಂದದ್ದಕ್ಕಿಂತ ತುಳಿದದ್ದು ಹೆಚ್ಚು. ಪರಿಹಾರ ಕೇಳಲಿಲ್ಲವೇ ಎಂದೆವು. "ಅರ್ಜಿ ಹಿಡ್ಕಂಡು ತಿರುಗಿದ ಬಸ್ ಚಾರ್ಜು ಹುಟ್ಟಲ್ಲ ಬಿಡಿ" ಎಂದು ನಕ್ಕರು. ಹೊಡೆಯುವ ಮಾತೇ ಇಲ್ಲ. 1972ರ ಕಾಯಿದೆಯ ಮೊದಲನೇ ಅನುಸೂಚಿಯಲ್ಲಿ, ಹುಲಿಯ ಸಾಲಿನಲ್ಲೇ ಈ ಪ್ರಾಣಿಯ ಹೆಸರಿದೆ. ಹೊಡೆದರೆ ಜೈಲು. ಅವರಿಗೂ ಹೊಡೆಯುವ ಮನಸ್ಸಿಲ್ಲ. ಡಬ್ಬ ಬಡಿದು ಓಡಿಸುತ್ತಾರೆ. ಓಡಿಸಿದರೆ ಪಕ್ಕದವರ ಹೊಲಕ್ಕೆ, ಅಲ್ಲಿಂದ ಓಡಿಸಿದರೆ ಆಂಧ್ರಕ್ಕೆ, ಆಂಧ್ರದವರು ಓಡಿಸಿದರೆ ಮತ್ತೆ ಇಲ್ಲಿಗೆ.

798 ಎಕರೆ ಹುಲ್ಲು ಇಷ್ಟು ಹಿಂಡುಗಳಿಗೆ ಸಾಲದು ಎಂಬುದು ಯಾರಿಗಾದರೂ ತಿಳಿಯುತ್ತದೆ. ಕರ್ನಾಟಕದಲ್ಲಿ ರಾಣೇಬೆನ್ನೂರು ಬಿಟ್ಟರೆ ಕೃಷ್ಣಮೃಗ ಹೆಚ್ಚಾಗಿರುವುದು ಇಲ್ಲೇ ಎನ್ನುತ್ತಾರೆ. ಉಳಿದ ಹುಲ್ಲನ್ನು ಸುತ್ತಲಿನ ರೈತರು ತಮ್ಮ ಹೊಲದಿಂದ ಕೊಡುತ್ತಿದ್ದಾರೆ, ಒಲ್ಲದ ಮನಸ್ಸಿನಿಂದ. ನಮ್ಮಂಥವರು ಬೆಳಿಗ್ಗೆ ಬಂದು ಆಹಾ ಎಂದು ಹೊರಟುಬಿಡುತ್ತೇವೆ. ಸಫಾರಿಯ ಟಿಕೆಟ್ ಹಣವನ್ನು ಯಾರು ಕಟ್ಟುತ್ತಿದ್ದಾರೆ ಎಂದು ಅಟ್ಟದ ಮೇಲಿನ ಕಂಬಳಿ ನೋಡಿದಾಗ ಹೊಳೆಯಿತು.

ಈ ವಿಷಯವನ್ನು ನೈರೋಬಿಯ ಬಂಧುಗಳಿಗೆ ಆಮೇಲೆ ಫೋನಿನಲ್ಲಿ ಹೇಳಿದಾಗ ಅವರು ಒಂದು ಸ್ವಾರಸ್ಯದ ಸಂಗತಿ ತಿಳಿಸಿದರು. ನೈರೋಬಿ ಉದ್ಯಾನಕ್ಕೆ ಮೂರು ಕಡೆ ಬೇಲಿ, ದಕ್ಷಿಣಕ್ಕೆ ಬಯಲು. ಅಲ್ಲಿರುವುದು ಕಿಟೆಂಗೆಲಾ ಎಂಬ ಸೀಮೆ, ಮಾಸಾಯ್ ದನಗಾಹಿಗಳ ಸ್ವಂತ ಜಮೀನು. ಮಳೆಗಾಲದಲ್ಲಿ ಉದ್ಯಾನದ ಪ್ರಾಣಿಗಳು ಮೇಯುವುದು ಆ ಜಮೀನಿನಲ್ಲಿ. 2000ದಲ್ಲಿ ಅಲ್ಲಿ ಒಂದು ಗುತ್ತಿಗೆ ಯೋಜನೆ ಶುರುವಾಯಿತು. ಬೇಲಿ ಹಾಕಬೇಡಿ, ತುಂಡು ಮಾಡಿ ಮಾರಬೇಡಿ, ಪ್ರಾಣಿಗಳನ್ನು ಕೊಲ್ಲಬೇಡಿ. ಎಕರೆಗೆ ವರ್ಷಕ್ಕೆ 4 ಡಾಲರ್ ತೆಗೆದುಕೊಳ್ಳಿ. ಹಣವನ್ನು ಮೂರು ಕಂತಿನಲ್ಲಿ, ಶಾಲೆಯ ಅವಧಿ ಶುರುವಾಗುವ ಹೊತ್ತಿಗೆ ಕೊಡುತ್ತಿದ್ದರು. ಎಷ್ಟೋ ಮನೆಗಳಲ್ಲಿ ಅದೇ ಮಕ್ಕಳ ಫೀಸಾಯಿತು. ಮೊತ್ತ ದೊಡ್ಡದಲ್ಲ, ಕಿಟೆಂಗೆಲಾದ ಜಮೀನೆಲ್ಲ ಅದರಿಂದ ಉಳಿಯಲೂ ಇಲ್ಲ. ಆದರೂ ಪ್ರಾಣಿ ತಿಂದ ಮೇಲೆ ಅರ್ಜಿ ಬರೆಸಿಕೊಳ್ಳುವುದಕ್ಕಿಂತ, ತಿನ್ನಲು ಬಿಟ್ಟದ್ದಕ್ಕೆ ಮೊದಲೇ ಬಾಡಿಗೆ ಕೊಡುವುದು ಮರ್ಯಾದೆಯ ವ್ಯವಹಾರ.

ಬಾಡಿಗೆಯ ಮಾತು ನಮ್ಮ ಸೀಮೆಗೂ ಹೊಸದಲ್ಲ. ನಾವು ದಾಟಿ ಬಂದ ಪಾವಗಡ ತಾಲೂಕಿನ ತಿರುಮಣಿಯ ಸುತ್ತ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್‌ನ ಸೌರ ವಿದ್ಯುತ್ ಪಾರ್ಕ್ ಇದೆ. 2018ರಲ್ಲಿ ಉದ್ಘಾಟನೆಯಾದದ್ದು. ರೈತರ ಜಮೀನನ್ನು ಕೊಳ್ಳದೆ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಆರಂಭಿಸಿ ಗುತ್ತಿಗೆಗೆ ಪಡೆದರು. ಬಿಸಿಲಿಗೆ ಬಾಡಿಗೆ ಕೊಡಬಹುದಾದರೆ ಹುಲ್ಲಿಗೆ ಯಾಕೆ ಕೊಡಬಾರದು? ಅಷ್ಟು ಹಣ ಬೇಡ, ಕಡಲೆಕಾಯಿ ಇಡದೆ ಒಂದು ಅಂಚು ಬಿಟ್ಟದ್ದಕ್ಕೆ ಬೀಜದ ಖರ್ಚಾದರೂ ಬಂದರೆ ಅಟ್ಟದ ಮೇಲಿನ ನಿದ್ದೆಗೇಡು ಕಡಿಮೆಯಾದೀತು ಎಂದು ನಮಗೆ ತೋರುತ್ತದೆ.

ಬೇರೆ ದಾರಿಗಳನ್ನೂ ಜನ ಹುಡುಕುತ್ತಿದ್ದಾರೆ. 2025ರ ಅಕ್ಟೋಬರ್‌ನಲ್ಲಿ ಮಧ್ಯಪ್ರದೇಶದ ಶಾಜಾಪುರ ಕಡೆಯ ಹೊಲಗಳಿಂದ ಎಂಟು ನೂರಕ್ಕೂ ಹೆಚ್ಚು ಕೃಷ್ಣಮೃಗಗಳನ್ನು ಹಿಡಿದು ಕಾಡುಗಳಿಗೆ ಸಾಗಿಸಿದರು. ದಕ್ಷಿಣ ಆಫ್ರಿಕಾದ ಪರಿಣತರು ಬಂದಿದ್ದರು. ಹೆಲಿಕಾಪ್ಟರ್ ಹಿಂಡನ್ನು ಮೆಲ್ಲಗೆ ತರುಬಿ, ಆಲಿಕೆಯಾಕಾರದ ಪರದೆಯ ದೊಡ್ಡಿಯೊಳಕ್ಕೆ ಹೊಗಿಸಿತು. ಅದಕ್ಕೆ ಆಫ್ರಿಕಾದಲ್ಲಿ 'ಬೋಮಾ' ಎನ್ನುತ್ತಾರೆ. ಅಲ್ಲಿನ ರೈತರಿಗೆ ಸಮಾಧಾನವಾಗಿರಬಹುದು. ಆದರೆ ಮೈದನಹಳ್ಳಿಯಿಂದ ಹಿಡಿದು ಸಾಗಿಸುವುದಾದರೆ ಎಲ್ಲಿಗೆ? ಹತ್ತಿರದಲ್ಲಿ ಇನ್ನೊಂದು ಬಯಲು ಉಳಿದಿರಬೇಕಲ್ಲ. ನಂದ್ಯಾಲ ಜಿಲ್ಲೆಯ ರೋಳ್ಳಪಾಡಿನಲ್ಲಿ 1988ರಲ್ಲಿ 'ಬಟ್ಟಮೇಕ' ಎಂಬ ದೊಡ್ಡ ಹಕ್ಕಿಗಾಗಿ, ಅಂದರೆ ಗ್ರೇಟ್ ಇಂಡಿಯನ್ ಬಸ್ಟರ್ಡ್‌ಗಾಗಿ, ಅಭಯಾರಣ್ಯ ಮಾಡಿದರು. ರಕ್ಷಣೆ ಸಿಕ್ಕಿದ ಮೇಲೆ ಅಲ್ಲಿ ಕೃಷ್ಣಮೃಗ ಹೆಚ್ಚಿತು, ಸುತ್ತಲಿನ ಬೆಳೆಗೆ ನುಗ್ಗಿತು, ಊರಿನವರ ಮನಸ್ಸು ಅಭಯಾರಣ್ಯದ ಮೇಲೆಯೇ ಮುರಿಯಿತು. ಪ್ರಾಣಿಯನ್ನು ಕಾಯುವುದೂ ಪಕ್ಕದ ಮನೆಯ ಒಲೆಯನ್ನು ಕಾಯುವುದೂ ಬೇರೆ ಬೇರೆ ಕೆಲಸ ಎಂದುಕೊಂಡರೆ ಹೀಗಾಗುತ್ತದೆ.

ಬಿಸಿಲೇರಿದಂತೆ ಹಿಂಡುಗಳು ನೀಲಗಿರಿಯ ತೆಳು ನೆರಳಿಗೆ ಸರಿದವು. ಬಯಲಿನ ಮೇಲೆ ಉದ್ದ ರೆಕ್ಕೆಯ ಹಕ್ಕಿಯೊಂದು ಹುಲ್ಲಿಗೆ ತಾಗುವಷ್ಟು ಕೆಳಗೆ ತೇಲುತ್ತಿತ್ತು. ಹ್ಯಾರಿಯರ್ ಎಂಬ ಗಿಡುಗ. ಮಧ್ಯ ಏಷ್ಯಾದಿಂದ ಚಳಿಗಾಲ ಕಳೆಯಲು ಬರುವಂಥದ್ದು. ವೀಸಾ, ಟಿಕೆಟ್ ಇಲ್ಲದೆ ಅದು ಇಷ್ಟು ದೂರ ಬಂದಿದೆ ಎಂದು ತಿಳಿದು ಮಕ್ಕಳು ಬಹಳ ಹೊತ್ತು ಅದನ್ನೇ ನೋಡಿದರು. ಹುಲಿ ಎಲ್ಲಿ ಎಂದು ಬೆಳಿಗ್ಗೆ ಕೇಳಿದ್ದ ಪುಟ್ಟಿ ಈಗ ನೆಲಗುಬ್ಬಿಯ ಹಿಂದೆ ಬಿದ್ದಿದ್ದಳು. ಅದು ಮಣ್ಣಿನ ಬಣ್ಣದ್ದೇ, ಕೂತರೆ ಕಾಣದು, ಹಾಡುತ್ತ ಮೇಲೇರಿದಾಗಲೇ ಗೊತ್ತಾಗುವುದು.

ಹೋಗಬೇಕೆಂದಿರುವವರಿಗೆ: ಸೆಪ್ಟೆಂಬರ್‌ನಿಂದ ಜನವರಿವರೆಗೆ ಹುಲ್ಲೂ ಚೆನ್ನ, ಬಿಸಿಲೂ ತಡೆಯುವಂಥದ್ದು. ಬೆಳಗಿನ ಒಂಬತ್ತರೊಳಗೆ, ಇಲ್ಲವೇ ಸಂಜೆ ನಾಲ್ಕರ ಮೇಲೆ. ರೈಲಿನವರಿಗೆ ಹಿಂದೂಪುರ ಹತ್ತಿರದ ನಿಲ್ದಾಣ. ಕೆಂಪು, ಹಳದಿಯ ಝಗಮಗ ಬಟ್ಟೆ ಬೇಡ. ಪ್ಲಾಸ್ಟಿಕ್ ಚೀಲ ಹಾರಿಬಿಡುವವರು ಹೋಗುವುದೇ ಬೇಡ.

ಹೊರಡುವ ಮೊದಲು ಯಜಮಾನರ ಹೊಲಕ್ಕೆ ಇನ್ನೊಮ್ಮೆ ಹೋದೆವು. ಮೂಲೆಯಲ್ಲಿ ಕಿತ್ತಿದ್ದ ಹಸಿ ಕಡಲೆಕಾಯಿ ಇತ್ತು. ಅವರು ದುಡ್ಡು ಬೇಡವೆಂದರು, ನಾವು ಬಿಡಲಿಲ್ಲ. ಸಂತೆಯ ಬೆಲೆ ಕೊಟ್ಟು ಎರಡು ಚೀಲ ತುಂಬಿಸಿಕೊಂಡೆವು. ಆ ರಾತ್ರಿ ಮಡಕಶಿರದಲ್ಲಿ ಉಪ್ಪು ಹಾಕಿ ಬೇಯಿಸಿದಾಗ ರಾಯದುರ್ಗದ ಅಜ್ಜಿ ಒಂದು ಬಿಡಿಸಿ ಬಾಯಿಗೆ ಹಾಕಿಕೊಂಡು, ಶೇಂಗಾ ಚೆನ್ನಾಗೈತಿ ಎಂದರು. ಮಡಕಶಿರದ ಹುಡುಗರು ಒಕ್ಕೊರಲಿನಿಂದ, "ಕಡಲೆಕಾಯಿ ಅಜ್ಜಿ!" ಎಂದು ತಿದ್ದಿದರು.